ಮೂಸದ ನಾಯಿಯ ಸಾಕ್ಷಿ

"ಎತ್ತು ಈದಿತು ಅಂದರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತಲ್ಲೋ ಕಲ್ಯಾಣಪ್ಪ!"

ಅಮೀನ ಶಾಂತಪ್ಪ ಮೇಜು ಗುದ್ದಿದ ಹೊಡೆತಕ್ಕೆ ಮಸಿಕುಡಿಕೆ ಎಗರಿ ಪಂಚನಾಮೆಯ ಪಕ್ಕದಲ್ಲೇ ಬೋರಲು ಬಿತ್ತು. ಜಮಾದಾರ ಕಲ್ಯಾಣಪ್ಪ ಒರೆಸಲು ಕೈ ಚಾಚಿದವನು, ಸಾಹೇಬನ ಮುಖ ನೋಡಿ ಹಿಂದಕ್ಕೆಳೆದುಕೊಂಡ.

ಈ ಮನುಷ್ಯನಿಗೆ ಶಾಂತಪ್ಪ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ತೊಟ್ಟಿಲಲ್ಲಿದ್ದ ಕೂಸಿನ ಮುಖವನ್ನು ಸರಿಯಾಗಿ ನೋಡಿರಲಾರರು. ಜಹೀರಾಬಾದಿನಿಂದ ತಾಂಡೂರಿನವರೆಗೆ ನಿಜಾಮ ಸರಕಾರದ ಚೌಕಿಗಳಲ್ಲಿ ಅವನ ಬೈಗುಳ ತಿನ್ನದ ಸಿಪಾಯಿ ಇರಲಿಲ್ಲ. ಆದರೆ ಇವತ್ತಿನದು ಮೂಗಿನ ತುದಿಯ ಸಿಟ್ಟಲ್ಲ, ಹೊಟ್ಟೆಯೊಳಗಿಂದ ಎದ್ದದ್ದು.

ಕಳವೊಂದರ ಬೆನ್ನು ಹತ್ತಿ ಅವನು ತಾಂಡೂರಿಗೆ ಹೋಗಿ ಬರುವಷ್ಟರಲ್ಲಿ ಅವನದೇ ನಾರಾಯಣಖೇಡದ ಪೊಲೀಸ್ ಚೌಕಿಯವರು ಒಂದು ಕೊಲೆಯನ್ನು ಪತ್ತೆ ಮಾಡಿ ಮುಗಿಸಿಬಿಟ್ಟಿದ್ದರು! ಮನೂರಿನ ಆಚೆ, ಕರಿಗುಡ್ಡ ಊರಿನ ಹಳ್ಳದಲ್ಲಿ ಮುಖ ಜಜ್ಜಿದ ಹೆಣ ಸಿಕ್ಕಿತ್ತು. ತಲೆಯ ರುಮಾಲು, ಕೈಯ ಬೆಳ್ಳಿಕಡಗ ನೋಡಿ ದೇಶಮುಖರ ಬೇಟೆನಾಯಿಗಳನ್ನು ಸಾಕುವ ಕಾಶಿರಾಮನೆಂದು ಹೇಳಿ ಹುಗಿದಿದ್ದರು. ಕೊಂದವನು ಕುರುಬರ ಶಿವರಾಯ ಎಂದು ಬೇಡಿ ತೊಡಿಸಿದ್ದರು. ಸಂಜೆಯ ಬಂಡಿಯಲ್ಲಿ ಅವನನ್ನು ಜಿಲ್ಲೆಯ ಜೈಲಿಗೆ ಸಾಗಿಸುವ ಹುಕುಂ ಕೂಡ ತಯಾರಾಗಿತ್ತು. ಅಲ್ಲಿಗೆ ಹೋದರೆ ಅವನಿಗೆ ಹಗ್ಗವೇ ಗತಿ.

ಇಷ್ಟಕ್ಕೆಲ್ಲ ಸಾಕ್ಷಿ ಯಾರು? ಒಂದು ನಾಯಿ!

"ಐದು ಮಂದಿ ಪಂಚರು ನೋಡ್ಯಾರರಿ ಸಾಹೇಬ್ರ," ಕಲ್ಯಾಣಪ್ಪ ಗೋಡೆಗೆ ಹೇಳುವಂತೆ ಹೇಳಿದ. "ಹೆಣದ ರುಮಾಲು ಮೂಸಿಸಿ ದೇಶಮುಖರ ವಾಡೆದ ಮುಂದಿಂದ ನಾಯಿ ಬಿಟ್ಟರು. ಊರ ದಾಟಿ ಸೀದಾ ಹೋಗಿ ಶಿವರಾಯನ ಹಟ್ಟಿ ಮುಂದ ಕುಂತಿತ್ತು. ನಾನೂ ನೋಡೀನಿ."

"ಯಾವ ನಾಯಿ?"

"ದೇಶಮುಖ ದೊರಿಗಳ ಶಾಹೀನ್ ರಿ. ಅಸಲಿ ಕಾರವಾನಿ."

"ಕಾರವಾನಿ ನಾಯಿ ವಾಸನಿ ಹಿಡದು ಹೋತು?"

"ನಾಯಿ ಅಂದಮ್ಯಾಲ ಮೂಸಂಗಿಲ್ಲೇನ್ರಿ? ಹೈದ್ರಾಬಾದಿನ್ಯಾಗ ಹಂಗ ಮೂಸಿಸಿ ಕಳ್ಳರನ್ನ ಹಿಡೀತಾರಂತ. ದೊರಿಗಳು ಹೇಳ್ಯಾರ."

"ದೊರಿಗಳು ಹೇಳ್ಯಾರ!" ಶಾಂತಪ್ಪ ಹಲ್ಲು ಕಡಿದ. "ದೊರಿಗಳು ಕತ್ತಿಗಿ ಕೋಡು ಅದಾವ ಅಂದರ ಎಣಸಾಕ ಹೋಗಾವ ನೀನು!"

ಶಾಂತಪ್ಪ ಹುಟ್ಟಿದ್ದು ಝರಾಸಂಗದಲ್ಲಿ, ಲಿಂಗವಂತರ ಮನೆಯಲ್ಲಿ. ಹುಡುಗನಾಗಿದ್ದಾಗ ಕುರುಬರ ಹುಡುಗರ ಜೊತೆ ಈ ನಾಯಿಗಳ ಹಿಂದೆ ಹೊಲ ಹೊಲ ಓಡಿದವನು. ಮೊಲದ ರಕ್ತ ಅಂಗಿಗೆ ಹತ್ತಿಸಿಕೊಂಡು ಬಂದ ಮಗನನ್ನು ಅವ್ವ ಸುಗಲಾಬಾಯಿ ಹೊಸ್ತಿಲಲ್ಲೇ ನಿಲ್ಲಿಸಿ, ಕೊಡ ನೀರು ತಲೆಗೆ ಸುರಿದು, ಬೆನ್ನಿಗೆ ನಾಲ್ಕು ಬಿಟ್ಟು ಒಳಗೆ ಕರೆದುಕೊಂಡಿದ್ದಳು. ಆ ಪೆಟ್ಟು ಮರೆತಿದ್ದರೂ ನಾಯಿಯನ್ನು ಮರೆತಿರಲಿಲ್ಲ. ಕಾರವಾನಿ ನಾಯಿ ಕಣ್ಣಿಗೆ ಕಂಡದ್ದರ ಹಿಂದೆ ಓಡುತ್ತದೆಯೇ ಹೊರತು ಮೂಗಿಗೆ ಬಡಿದದ್ದರ ಹಿಂದೆ ಅಲ್ಲ. ಪೊದೆಯೊಳಗೆ ಮೊಲ ಕಣ್ಮರೆಯಾದರೆ ಅಲ್ಲೇ ನಿಂತು ಪೆಚ್ಚಾಗಿ ಸುತ್ತ ನೋಡುವ ಜಾತಿ ಅದು. ರುಮಾಲು ಮೂಸಿ ಕೊಲೆಗಾರನನ್ನು ಹಿಡಿಯಿತಂತೆ! ಕೇಳುವ ಕಿವಿಗಾದರೂ ನಾಚಿಕೆ ಬೇಡವೇ?

ಹೊರಗೆ ಹೆಂಗಸಿನ ಗಂಟಲು ಕೇಳಿಸಿತು. ಸಿಪಾಯಿ ತಡೆಯುತ್ತಿದ್ದಂತೆಯೇ ಅವನನ್ನು ಬದಿಗೆ ನೂಕಿ ಶಿವರಾಯನ ಹೆಂಡತಿ ಭೀಮವ್ವ ಒಳಗೆ ನುಗ್ಗಿದಳು. ಕಣ್ಣಲ್ಲಿ ಹನಿ ನೀರಿಲ್ಲ, ಬರೀ ಬೆಂಕಿ.

"ಅಮೀನ್ ಸಾಹೇಬ್ರು ನೀವೇನ್ರಿ? ನಾಯಿ ಮಾತು ಕೇಳ್ತೀರಿ, ಮನುಷ್ಯಾರ ಮಾತು ಕೇಳಂಗಿಲ್ಲೇನು?"

"ಹೇಳವ್ವ. ಕೇಳಾಕ ಕುಂತೀನಿ."

"ಅವತ್ತು ಹಟ್ಟ್ಯಾಗ ನಾ ಒಬ್ಬಾಕಿನೇ ಇದ್ದೆ. ಆ ನಾಯಿ ನಮ್ಮ ಮುಂದ ನಿಲ್ಲಲಿಲ್ಲರಿ. ಮುಳ್ಳಬೇಲಿ ಹಾರಿ ಹಿಂದಿನ ದಿಬ್ಬಕ್ಕ ಹೋತು. ಎಷ್ಟೋ ಹೊತ್ತಿನ ಮ್ಯಾಲ ಹೊಳ್ಳಿ ಬಂತು. ಬಾಯಿ ನೆಕ್ಕೋತ ಬಂದು, ಕುರಿ ಕುಡಿಯೋ ಕಲ್ಲದೋಣ್ಯಾಗ ನೀರು ಕುಡದು ನೆಳ್ಳಿಗಿ ಕುಂತಿತು. ಆಮ್ಯಾಲ ಈ ನಿಮ್ಮ ಜಮಾದಾರ, ಪಂಚರು ತೇಕ್ಕೋತ ಬಂದರು. ಬಂದಾವರು ಏನು ನೋಡ್ಯಾರ? ಕುಂತ ನಾಯಿ ನೋಡ್ಯಾರ!"

ಶಾಂತಪ್ಪ ನಿಧಾನವಾಗಿ ಜಮಾದಾರನತ್ತ ತಿರುಗಿದ. ಕಲ್ಯಾಣಪ್ಪನ ಹೊಟ್ಟೆ ಅವನಿಗಿಂತ ಒಂದು ಗೇಣು ಮುಂದೆ ನಡೆಯುವಂಥದ್ದು. ಜಿಂಕೆಯನ್ನು ಹಿಡಿಯುವ ನಾಯಿಯ ಹಿಂದೆ ಇವನು ಓಡಿದನಂತೆ!

"ಈ ಮಾತು ಪಂಚನಾಮ್ಯಾಗ ಯಾಕಿಲ್ಲ?"

"ಹೆಣ್ಣುಮಗಳು ಗಂಡನ್ನ ಉಳಿಸ್ಕೊಳ್ಳಾಕ ಏನರೆ ಹೇಳ್ತಾಳಂತ…"

"ನಾಯಿ ಬಾಯಿ ಬಿಡಲಿಲ್ಲ, ಅದನ್ನ ಬರಕೊಂಡಿ. ಇಕಿ ಬಾಯಿ ಬಿಟ್ಟು ಹೇಳಿದಳು, ಇಕಿನ್ನ ಬಿಟ್ಟಿ. ನಿನ್ನ ಪಗಡಿಗಿ ಬೆಂಕಿ ಹಾಕ!"

ಮೂಲೆಯ ಕಂಬಿಯ ಹಿಂದೆ ಶಿವರಾಯ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ. ಇಷ್ಟೆಲ್ಲ ಕೂಗಾಟಕ್ಕೆ ತಲೆ ಎತ್ತಲಿಲ್ಲ. ಶಾಂತಪ್ಪ ಕಂಬಿಯ ಹತ್ತಿರ ಹೋಗಿ, "ಏನೋ, ನಿನಗೇನರೆ ಹೇಳೂದದ?" ಎಂದು ಕೇಳಿದ. ಅವನು ಇಲ್ಲವೆಂದು ತಲೆಯಾಡಿಸಿದ. ದೇಶಮುಖನ ಹೆದರಿಕೆ ಇವನ ನಾಲಿಗೆಯನ್ನು ಒಣಗಿಸಿದೆ ಎಂದುಕೊಂಡ ಶಾಂತಪ್ಪನಿಗೆ ಇನ್ನಷ್ಟು ಸಿಟ್ಟು ಬಂತು.

"ಬಂಡಿ ಹೂಡ್ರಿ. ಇವನ್ನೂ ಹತ್ತಸ್ರಿ. ಜಿಲ್ಲೆಕ್ಕಲ್ಲ, ಕರಿಗುಡ್ಡಕ್ಕ!"

ಹೊರಡುವ ಮೊದಲು ಜಮಾದಾರನನ್ನು ಪಕ್ಕಕ್ಕೆ ಕರೆದು ಹೇಳಿದ: "ಇಬ್ಬರು ಸವಾರರನ್ನ ಕರಕೊಂಡು ಹಿಂದಿನ ದಾರಿ ಹಿಡದು ದಿಬ್ಬದ ಆಚಿ ಕಡಿ ಕೂಡು. ನಾಯಿ ಬಂತಂದರ ಅದರ ಹಿಂದ ಓಡಬ್ಯಾಡ. ಎಲ್ಲಿ ನಿಲ್ಲತದ ನೋಡು, ಅಷ್ಟೇ. ಇಷ್ಟರೆ ನೆಟ್ಟಗ ಮಾಡು ಮಾರಾಯಾ."

ಕರಿಗುಡ್ಡದ ವಾಡೆಯ ಮುಂದೆ ಬಂಡಿ ನಿಂತಾಗ ಬಿಸಿಲು ವಾಲಿತ್ತು. ಜಗದೇವರಾವ ದೇಶಮುಖ ಕಟ್ಟೆಯ ಮೇಲೆ ಗಾದಿಗೆ ಒರಗಿ ಹುಕ್ಕಾ ಸೇದುತ್ತಿದ್ದ. ಅವನ ಕಾಲ ಬಳಿ ಶಾಹೀನ್ ಮಲಗಿತ್ತು.

ನಾಯಿಯೆಂದರೆ ನಾಯಿ! ಮರಳಿನ ಬಣ್ಣದ ಮೈ, ಕಡ್ಡಿಯಂಥ ಕಾಲು, ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಹತ್ತಿದ ಹೊಟ್ಟೆ. ಬೇಡಿಯ ಶಿವರಾಯನನ್ನು ನೋಡಲು ಊರಿಗೆ ಊರೇ ನೆರೆದು ಗದ್ದಲ ಮಾಡುತ್ತಿದ್ದರೂ ಅದು ಬೊಗಳಲಿಲ್ಲ. ಒಮ್ಮೆ ಕತ್ತೆತ್ತಿ ಎಲ್ಲರ ತಲೆಯ ಮೇಲಿಂದ ದೂರದ ಹೊಲಗಳತ್ತ ನೋಡಿ ಮತ್ತೆ ಮಲಗಿತು.

"ಬರ್ರಿ ಅಮೀನ್ ಸಾಬ್. ಕೈದಿನ್ನ ಹೊಳ್ಳಿ ಕರಕೊಂಡು ಬಂದೀರಲ್ಲ? ಮನಿ ಮಂದಿಗಿ ಸಲಾಂ ಹೇಳಾಕೇನು?" ದೇಶಮುಖ ನಕ್ಕ. ಸುತ್ತ ನಿಂತವರೂ ನಕ್ಕರು. ನಗಲೇಬೇಕಲ್ಲ, ಅವನ ಊರಲ್ಲವೇ!

ಶಾಂತಪ್ಪ ಸಿಟ್ಟನ್ನು ನುಂಗಿದ. ಅದು ಅವನಿಗೆ ಬೇವಿನ ರಸ ಕುಡಿದಷ್ಟು ಕಷ್ಟ. ಆದರೂ ಕಟ್ಟೆಯ ಅಂಚಿಗೆ ಕೂತು, "ನಾಯಿ ಭಾರಿ ಅದ ಬಿಡ್ರಿ ದೇಶಮುಖರ. ಇಂಥಾದ್ದು ಜಹೀರಾಬಾದಿನ ನವಾಬರ ಮಂದಿ ಹತ್ರನೂ ನೋಡಿಲ್ಲ" ಎಂದ.

ದೇಶಮುಖ ಹುಕ್ಕಾದ ನಳಿಗೆ ಕೆಳಗಿಟ್ಟ. ಹೆಂಡತಿ ಮಕ್ಕಳನ್ನು ಹೊಗಳಿದರೂ ಅರಳದ ಮುಖ ಈಗ ಅರಳಿತು.

"ಎಲ್ಲಿ ನೋಡ್ತೀರಿ? ಇದು ಸುಮ್ನ ನಾಯಿ ಅಲ್ಲರಿ. ಅರಬಸ್ತಾನದ ಕಡಿಂದ ಕುದುರಿ ಸೌದಾಗರರ ಕಾರವಾನದ ಜೋಡಿ ಬಂದ ರಕ್ತ. ಪಠಾಣರು ತಂದರು ಅಂತಾರ, ರೋಹಿಲೇರು ತಂದರು ಅಂತಾರ. ಡೇರೆದಾಗ ಯಜಮಾನನ ಮಗ್ಗಲ್ದಾಗ ಮಲಗಿ ಬಂದ ಜಾತಿ. ನಮ್ಮ ವಾಡೆಕ್ಕ ಬಂದು ಏಳು ತಲಿ ಆತು. ಕಂತ್ರಿ ನಾಯಿ ಜೋಡಿ ಒಮ್ಮೆನೂ ಬೆರಸಿಲ್ಲ."

"ಹೌದೇನ್ರಿ! ಅಸಲಿ ಅಂತ ಹ್ಯಾಂಗ ಗುರ್ತ ಹಿಡೀತೀರಿ?"

"ಸೊಂಟದ ಎರಡೂ ಎಲುಬಿನ ನಡುವ ಬೆರಳು ಇಟ್ಟು ನೋಡ್ರಿ, ನಾಲ್ಕು ಬೆರಳು ಹಿಡೀಬೇಕು. ಚರ್ಮ ರೇಶ್ಮಿ ಹಂಗ ಕೈಯಾಗ ಜಾರಬೇಕು. ಎದಿ ಕುದುರಿದು, ಸೊಂಟ ಕಣಜದ ಹುಳದ್ದು. ಮತ್ತ ಕಣ್ಣು! ಅಲ್ಲಿ ನ್ಯಾಲ್ಕಲ್ ಕಡಿ ಹೊಲದಾಗ ಮೊಲ ಕಿವಿ ಅಲುಗಿಸಿದರ ಇಲ್ಲಿ ಇದು ಎದ್ದು ನಿಂದರತದ."

"ಮೂಗು ಹ್ಯಾಂಗ್ರಿ?"

"ಮೂಗು?" ದೇಶಮುಖ ತಾತ್ಸಾರದಿಂದ ಕೈ ಬೀಸಿದ. "ನೆಲಕ್ಕ ಮೂಗು ತಿಕ್ಕೋತ ತಿರಗೂದು ಊರ ಕಂತ್ರಿಗಳ ಕೆಲಸ. ಇದು ಕಣ್ಣಿಲೆ ಬೇಟೆ ಆಡೋ…"

ಮಾತು ಅಲ್ಲೇ ನಿಂತಿತು. ಆದರೆ ಬಾಯಿಂದ ಹೊರಬಿದ್ದದ್ದು ಮತ್ತೆ ಒಳಗೆ ಹೋಗುವುದುಂಟೇ?

ಶಾಂತಪ್ಪ ಎದ್ದು ನಿಂತ. ನುಂಗಿದ್ದ ಸಿಟ್ಟೆಲ್ಲ ಒಮ್ಮೆಲೇ ಮೇಲೆ ಬಂತು.

"ಕೇಳಿದ್ರೇನ್ರಪಾ ಪಂಚರ? ನಿಮ್ಮ ದೊರಿ ಬಾಯಿಲೇ ಕೇಳಿದ್ರೇನು? ಮೂಸದ ನಾಯಿಗಿ ರುಮಾಲು ಮೂಸಿಸಿ ಒಬ್ಬ ಬಡವನ ಕೊಳ್ಳಿಗಿ ಹಗ್ಗ ಹಾಕೀರಿ! ನೀವೆಲ್ಲ ಹುಟ್ಟಿದಾಗಿಂದ ಈ ನಾಯಿಗಳನ್ನ ನೋಡ್ಕೋತ ಬಂದಾವರು. ನಿಮಗ ಗೊತ್ತಿದ್ದಿಲ್ಲೇನು?"

ಐವರೂ ನೆಲ ನೋಡಿದರು. ಗೊತ್ತಿರದೆ ಏನು? ನೀರಿನಲ್ಲಿದ್ದುಕೊಂಡು ಮೊಸಳೆಯ ಜೊತೆ ವೈರ ಕಟ್ಟಿಕೊಳ್ಳುವವರು ಯಾರು?

"ಅಮೀನ್!" ದೇಶಮುಖ ಗುಡುಗಿದ. "ನಾಯಿ ಅವನ ಹಟ್ಟಿಗಿ ಹೋಗಿದ್ದು ಖರೆ ಹೌದಲ್ಲೋ? ಮೂಗಿಲೆ ಹೋತೋ ಕಣ್ಣಿಲೆ ಹೋತೋ, ಅದನ್ನ ಕಟಕೊಂಡು ನಿನಗೇನು?"

"ಅದನ್ನೇ ಕೇಳಾಕ ಬಂದೀನಿ. ಕಣ್ಣಿಲೆ ಹೋಗಿದ್ದರ ಏನು ಕಂಡು ಹೋತು? ಹಟ್ಟಿ ದಾಟಿ ದಿಬ್ಬ ಏರಿತ್ತಂತ. ಬಾಯಿ ನೆಕ್ಕೋತ ಇಳೀತಂತ. ದಿಬ್ಬದಾಗ ಅದಕ್ಕ ಉಣಸಾವ್ರು ಯಾರಿದ್ದರು?"

"ಹುಚ್ಚು ಕುರುಬತಿ ಮಾತು ಕೇಳಿ…"

"ಯಾರಿಗಂತಿ ಹುಚ್ಚಿ?" ಬಂಡಿಯ ಹಿಂದೆಯೇ ಬಂದು ಗುಂಪಿನಲ್ಲಿ ನಿಂತಿದ್ದ ಭೀಮವ್ವ ಸಿಡಿದಳು. "ನಿನ್ನ ನಾಯಿ ನನ್ನ ಟಗರು ಕಡದಾಗ ಕೇಳಾಕ ಬಂದಿದ್ದೆ, ಆಗೂ ಹುಚ್ಚಿ ಅಂದಿದ್ದಿ!"

ದೇಶಮುಖನಿಗೆ ಏಕವಚನ! ಆ ವಾಡೆಯ ಅಂಗಳದಲ್ಲಿ ಇದುವರೆಗೆ ಯಾರೂ ಕೇಳಿರದ ಮಾತು ಅದು.

ಶಾಂತಪ್ಪ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದ. "ಇನ್ನೊಂದು ಮಾತು ದೇಶಮುಖರ. ಇಂಥಾ ನಾಯಿ ಕಂಡಕಂಡವರ ಕೈಯಾಗ ಉಣ್ಣಂಗಿಲ್ಲ ಅಂತಾರ. ಸುಳ್ಳೇನು?"

ದೇಶಮುಖ ಹುಕ್ಕಾದ ನಳಿಗೆ ಮತ್ತೆ ಎತ್ತಿಕೊಂಡ. ಗುಂಪಿನಲ್ಲಿದ್ದ ಮುದುಕಿ ಪೀರಮ್ಮ, ವಾಡೆಯ ಕಸ ಗುಡಿಸುವವಳು, ದೊರೆಯ ಮರ್ಯಾದೆ ಉಳಿಸುತ್ತಿದ್ದೇನೆಂದುಕೊಂಡು ಬಾಯಿ ಹಾಕಿದಳು: "ಸುಳ್ಳ ಯಾಕಾತರಿ? ಪ್ಲೇಗಿನ್ಯಾಗ ದೊಡ್ಡ ದೊರಿಗಳ ನಾಯಿ ಸಾಕೋ ಆಳು ಸತ್ತಾಗ ಅವನ ನಾಯಿ ಕೂಳು ನೀರು ಬಿಟ್ಟು ಸತ್ತಿತು. ದೊರಿಗಳ ಕೈಯಾಗೂ ಉಣಲಿಲ್ಲ. ಜಾತಿ ಅಂದರ ಜಾತಿ!"

"ಬಾಯಿ ಮುಚ್ಚ!" ದೇಶಮುಖ ಹುಕ್ಕಾದ ನಳಿಗೆಯನ್ನು ಅವಳತ್ತ ಬೀಸಿ ಒಗೆದ.

ಶಾಂತಪ್ಪ ವಾಡೆಯ ಅಡುಗೆಮನೆಯಿಂದ ಹಾಲಲ್ಲಿ ಕಲಸಿದ ಜೋಳದ ರೊಟ್ಟಿ ತರಿಸಿದ. "ನೀವೇ ಉಣಸ್ರಿ. ನಿಮ್ಮ ನಾಯಿ."

"ನಾ ಉಣಸಂಗಿಲ್ಲ!"

"ಬ್ಯಾಡ ಬಿಡ್ರಿ."

ತಾನೇ ಬಟ್ಟಲು ಹಿಡಿದ. ಶಾಹೀನ್ ಮೂತಿಯನ್ನು ಆಚೆ ತಿರುಗಿಸಿತು. ಪೀರಮ್ಮ ಹಿಡಿದಳು, ತಿರುಗಿ ನೋಡಲಿಲ್ಲ. ವಾಡೆಯ ಆಳುಗಳು ಒಬ್ಬರಾದ ಮೇಲೊಬ್ಬರು ಹಿಡಿದರು. ಹಾಲು ರೊಟ್ಟಿಯ ವಾಸನೆಗೆ ಊರ ಕಂತ್ರಿಗಳೆಲ್ಲ ಅಂಗಳದ ಬಾಗಿಲಲ್ಲಿ ಜೊಲ್ಲು ಸುರಿಸುತ್ತ ನಿಂತವು. ಈ ರಾಣಿಗೆ ಮಾತ್ರ ಬೇಕಿಲ್ಲ!

"ಕಾಶಿರಾಮ ಸತ್ತು ವಾರದ ಮ್ಯಾಲ ಆತು," ಶಾಂತಪ್ಪನ ದನಿ ಈಗ ತಗ್ಗಿತ್ತು. ಅವನ ಸಿಪಾಯಿಗಳಿಗೆ ಗೊತ್ತಿತ್ತು, ಅವನು ಕೂಗಿದಾಗ ಹೆದರಬೇಕಿಲ್ಲ, ದನಿ ತಗ್ಗಿದಾಗ ಹೆದರಬೇಕು. "ಇದು ಯಾರ ಕೈಯಾಗೂ ಉಣ್ಣಂಗಿಲ್ಲ. ಆದರೂ ಮೈಯಾಗ ಮಿಂಚದ, ಕಾಲಾಗ ಕಸುವದ. ಅವನ ಕೈಯಾಗಲ್ಲದ ಇನ್ಯಾರ ಕೈಯಾಗ ಉಂಡದ ದೇಶಮುಖರ? ಸತ್ತಾವ ಕುಣ್ಯಾಗಿಂದ ಎದ್ದು ಬಂದು ಉಣಸ್ತಾನೇನು?"



"ನಾಳಿಗಿ ಇಷ್ಟೊತ್ತಿಗಿ ನಿನ್ನ ಮೈಮ್ಯಾಲ ಈ ವರ್ದಿ ಇರಂಗಿಲ್ಲ," ದೇಶಮುಖ ಒಂದೊಂದೇ ಮಾತನ್ನು ಜಗಿದು ಉಗುಳಿದ. "ಜಿಲ್ಲೆದ ಪೊಲೀಸ ಮೊಹತಮಿಮ್ ಸಾಹೇಬರು ಇದೇ ಕಟ್ಟಿಮ್ಯಾಲ ಕುಂತು ಬಿರ್ಯಾನಿ ಉಂಡು ಹೋಗ್ಯಾರ. ತಿಳೀತಿಲ್ಲೋ?"

"ತಿಳೀತು. ಅವರು ಉಂಡಾರ, ಅರಗಿಸ್ಕೋತಾರ. ನಾ ಉಂಡಿಲ್ಲ."

ಅಷ್ಟು ಹೇಳಿ ಶಾಂತಪ್ಪ ಬಗ್ಗಿ ಶಾಹೀನಿನ ಕೊರಳ ಪಟ್ಟಿ ಬಿಚ್ಚಿದ. ಅದು ಎದ್ದು ಮೈ ಕೊಡವಿತು. ಊಟದ ಹೊತ್ತು ಅದಕ್ಕೆ ಗೊತ್ತಿಲ್ಲವೇ? ಯಾರ ಮುಖವನ್ನೂ ನೋಡದೆ ಅಂಗಳ ದಾಟಿತು. ಊರ ಕಂತ್ರಿಗಳು ಬೊಗಳುತ್ತ ಹಿಂದೆ ಬಿದ್ದವು. ಬಾಗಿಲಾಚೆ ಅದು ಕಾಲು ಬಿಚ್ಚಿದ್ದೇ ತಡ, ಅವೆಲ್ಲ ಧೂಳು ತಿನ್ನುತ್ತ ನಿಂತವು. ತೊಗರಿ ಹೊಲದ ಬದು, ಶಿವರಾಯನ ಹಟ್ಟಿಯ ಬೇಲಿ, ಆಚೆಯ ಕಲ್ಲುದಿಬ್ಬ. ಕಟ್ಟೆಯ ಮೇಲೆ ನಿಂತವರ ಕಣ್ಣಿಗೆ ಮರಳಿನ ಬಣ್ಣದ ಒಂದು ಗೀರು ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ.

ದೇಶಮುಖ ಒಳಗೆ ಹೋಗಲು ಎದ್ದ. "ಕೂಡ್ರಿ" ಎಂದ ಶಾಂತಪ್ಪ. ಬಾಗಿಲಿಗೆ ಸಿಪಾಯಿ ಅಡ್ಡ ನಿಂತ. ಆ ಬಾಗಿಲಿಗೆ ಅಡ್ಡ ನಿಲ್ಲುವ ಧೈರ್ಯ ಅವನಿಗೆ ಎಲ್ಲಿಂದ ಬಂತೋ, ದೇವರೇ ಬಲ್ಲ.

ದಿಬ್ಬದ ಕಡೆಯಿಂದ ಸೀಟಿ ಕೇಳಿಸಿತು. ಆಮೇಲೆ ಕುದುರೆಗಳ ಸದ್ದು. ಮುಂದೆ ಕಲ್ಯಾಣಪ್ಪ, ಬೆವರಿ ನೀರಾಗಿದ್ದರೂ ಮುಖದ ತುಂಬ ಹಲ್ಲು. ಹಿಂದೆ ಸವಾರರ ನಡುವೆ, ಕೈಕಟ್ಟಿಸಿಕೊಂಡು, ಗಡ್ಡ ಬೆಳೆದ ಒಬ್ಬ ಮನುಷ್ಯ. ಅವನ ತೊಡೆಗೆ ಮೈ ಒರೆಸುತ್ತ ಶಾಹೀನ್ ನಡೆದು ಬರುತ್ತಿತ್ತು.

"ಅಯ್ಯಯ್ಯೋ, ಕಾಶಿರಾಮ! ದೆವ್ವ!" ಎಂದು ಪೀರಮ್ಮ ಕಿರುಚಿ ಕೂತುಬಿಟ್ಟಳು.

"ದೆವ್ವ ಅಲ್ಲ ಮುದುಕಿ, ಹಾಲು ರೊಟ್ಟಿ ಕೈಯಾಗ ಹಿಡಕೊಂಡು ಗವ್ಯಾಗ ಕುಂತಿದ್ದ," ಕಲ್ಯಾಣಪ್ಪ ಕುದುರೆಯಿಂದಿಳಿದು ಶಾಂತಪ್ಪನಿಗೆ ಸಲಾಂ ಹೊಡೆದ. "ಈ ಸಲ ನಾಯಿ ಹಿಂದ ಓಡಲಿಲ್ಲರಿ ಸಾಹೇಬ್ರ."

ಕಾಶಿರಾಮ ಯಾರೂ ಕೇಳುವ ಮೊದಲೇ ಶಾಂತಪ್ಪನ ಕಾಲಿಗೆ ಬಿದ್ದ. "ನನ್ನ ತಪ್ಪಿಲ್ಲರಿ! ಟಗರಿನ ಜಗಳದ ಸಿಟ್ಟಿಗಿ ಶಿವರಾಯನ್ನ ಸಿಗಸ್ಬೇಕಂತ ದೊರಿಗಳು ಹೆಣಕ್ಕ ತೊಡಸಾಕ ರುಮಾಲು, ಕಡಗ ಬಿಚ್ಚಿ ಕೊಡು ಅಂದರು, ಕೊಟ್ಟೆ. ದಿಬ್ಬದ ಮ್ಯಾಲ ನಿಂತು ನಾಯಿಗಿ ಕಾಣಂಗ ಅರಿವಿ ಬೀಸು ಅಂದರು, ಬೀಸಿದೆ. ಹೆಣ ಮೊದಲೇ ಹಳ್ಳದಾಗ ಬಿದ್ದಿತ್ತರಿ, ಅದು ಯಾರಂತ ನನಗ ಗೊತ್ತಿಲ್ಲ!"

ಶಾಂತಪ್ಪ ದೇಶಮುಖನ ಕಡೆ ನೋಡಿದ. ಬಾಯ್ತುಂಬ ಬೈಯಬೇಕೆಂದುಕೊಂಡ. ಎಂಥ ಬೈಗುಳವೂ ಸಾಲದೆನ್ನಿಸಿತು. ಸಿಪಾಯಿಯತ್ತ ತಿರುಗಿ, "ಶಿವರಾಯನ ಬೇಡಿ ಬಿಚ್ಚು" ಎಂದ.

ಊರಿನವರ ಬಾಯಿಗೆ ಈಗ ಜೀವ ಬಂತು. ಒಬ್ಬ ಹೌದೆಂದ, ಇನ್ನೊಬ್ಬ ತನಗೆ ಮೊದಲೇ ಗೊತ್ತಿತ್ತೆಂದ. ಬಂಡಿಯ ಗಾಲಿಗೆ ಒರಗಿ ಕೂತಿದ್ದ ಶಿವರಾಯ ಮೆಲ್ಲಗೆ ಎದ್ದು ನಿಂತ. ಬೀಗದ ಕೈ ಹಿಡಿದು ಬಂದ ಸಿಪಾಯಿಗೆ ಕೈ ಕೊಡದೆ, ಬೇಡಿಯ ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದುಕೊಂಡ.

"ಬಿಚ್ಚಬ್ಯಾಡ್ರಿ."

"ಏನಂದಿ?" ಶಾಂತಪ್ಪನಿಗೆ ತನ್ನ ಕಿವಿಯ ಮೇಲೆಯೇ ನಂಬಿಕೆ ಬರಲಿಲ್ಲ. "ನಿನ್ನ ಸಲುವಾಗಿ ನನ್ನ ನೌಕರಿ ಪಣಕ್ಕಿಟ್ಟು ಕುಂತೀನಿ. ಬುದ್ಧಿ ಗಿದ್ಧಿ ಕೆಟ್ಟದೇನು?"

"ಇಲ್ಲರಿ ಯಪ್ಪಾ. ಕುಣ್ಯಾಗ ಇದ್ದದ್ದು ಕಾಶಿರಾಮ ಅಲ್ಲ ಅಂತ ನನಗ ಅವತ್ತೇ ಗೊತ್ತಿತ್ತು." ಶಿವರಾಯ ತಲೆ ಎತ್ತಿ ಅಮೀನನ ಕಣ್ಣನ್ನೇ ನೋಡಿದ. "ಕುಣ್ಯಾಗ ಹುಗದಾವನ್ನ ಆ ಹಳ್ಳದಾಗ ಕೊಂದು ಕೆಡವಿದಾವ ನಾನ."

ಶಾಂತಪ್ಪ ಮೊದಲು ಭೀಮವ್ವನತ್ತ ನೋಡಿದ. ಸುಳ್ಳು, ಸುಳ್ಳು ಎಂದು ಅವಳು ಕೂಗುತ್ತಾಳೆ ಎಂದು ಕಾದ.

ಅವಳು ಗುಂಪನ್ನು ಸೀಳಿಕೊಂಡು ಬಂದು ಗಂಡನ ಅಂಗಿಯ ಎದೆಪಟ್ಟಿ ಹಿಡಿದು ಜಗ್ಗಿದಳು.

"ಹೇಳಬ್ಯಾಡ ಅಂದಿದ್ದಿಲ್ಲೇನು ನಿನಗ!"